ನಮ್ಮ ಓಣಿಯಲ್ಲಿ ಹಿಡಿಸದ ನವಿಲು

ಚಿತ್ರ ಬರೆಯುವವರಿಗೆಲ್ಲ ಒಂದು ರೋಗವಿರುತ್ತದೆ. ತಮ್ಮ ಕಲೆಗೆ ತಕ್ಕಷ್ಟು ದೊಡ್ಡ ಜಾಗ ಯಾರೂ ಕೊಡುತ್ತಿಲ್ಲ ಎಂಬ ಕೊರಗು. ನನಗೂ ಇತ್ತು. ಎಪ್ಪತ್ತರ ದಶಕದ ಒಂದು ಮಧ್ಯಾಹ್ನ ಅದು ಪೂರ್ತಿ ವಾಸಿಯಾಯಿತು.

ಆಗ ನಾನು ಮಾನ್ವಿಯಲ್ಲಿ ಡ್ರಾಯಿಂಗ್ ಮಾಸ್ತರ. ದೇವದುರ್ಗದ ನಮ್ಮ ಮನೆಗೆ, ತಂಗಿ ಗಿರಿಜೆಯನ್ನು ನೋಡಲು ರಾಯಚೂರಿನಿಂದ ಗಂಡಿನವರು ಬರುವವರಿದ್ದರು. ಮೊದಲು ಬಂದವರೆಲ್ಲ ಉಪ್ಪಿಟ್ಟು ತಿಂದು ಹೋಗಿ ಸುದ್ದಿಯೇ ಕಳಿಸಿರಲಿಲ್ಲ. ಈ ಸಲವೂ ತಪ್ಪಿದರೆ ಹೇಗೆಂದು ಅವ್ವ ನಿದ್ದೆಗೆಟ್ಟಿದ್ದಳು. ಬಾಗಿಲಲ್ಲೇ ಅವರ ಬಾಯಿ ಮುಚ್ಚಿಸಬೇಕೆಂದು ನಾನು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಎಣಿಸಿ, ಗರಿಬಿಚ್ಚಿದ ನವಿಲಿನ ರಂಗೋಲಿ ಬರೆದೆ. ಅಂಗೈಯಗಲದ ಚಿತ್ರ. ಹಾಕುವ ಹೊಣೆ ಜಾಲಹಳ್ಳಿಯ ಹತ್ತಿ ಹೊಲ ಬಿಟ್ಟು ಬಂದಿದ್ದ ಅವ್ವನ ತಂಗಿ, ನಮ್ಮ ಚಿಗವ್ವನದು.

“ಎಷ್ಟ ದೊಡ್ಡದು ಹಾಕ್ಲೆಪ್ಪಾ?” ಎಂದು ಕೇಳಿದಳು ಪಾಪ.

ಗೇಣಿನ ಲೆಕ್ಕ ಹೇಳಿದ್ದರೆ ಮುಗಿಯುತ್ತಿತ್ತು. “ಎಷ್ಟರ ದೊಡ್ಡದು ಹಾಕು ಚಿಗವ್ವ, ನಾ ಬರದದ್ದು ಕೆಡಂಗಿಲ್ಲ” ಎಂದು ಮೀಸೆ ತಿರುವಿ, ಬೀಗರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದೆ.

ಗಂಡು ಮತ್ತು ಅವನ ತಂದೆಯೊಂದಿಗೆ ಓಣಿ ತಿರುಗಿದರೆ ಕಂಡದ್ದೇನು? ನವಿಲಿನ ಕೊಕ್ಕು ನಮ್ಮ ಹೊಸ್ತಿಲಲ್ಲಿದೆ, ಗರಿಗಳು ಓಣಿಯನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ತುಂಬಿ, ಪಕ್ಕದ ಮನೆಯ ಖಾಜಾಬಿಯವರ ಮೆಟ್ಟಿಲ ಹತ್ತಿರ ನಿಂತಿವೆ. ಚಿಗವ್ವ ಇನ್ನೂ ಬಣ್ಣ ತುಂಬುತ್ತಿದ್ದಾಳೆ.

“ಹತ್ತಿಬೀಜ ಊರೋ ಅಳತಿಗೇ, ಮೊಳಕ್ಕೊಂದು ಚುಕ್ಕಿ ಇಟ್ಟೀನಿ ನೋಡಪ್ಪಾ. ಒಂದು ಗೆರಿನೂ ಕೆಟ್ಟಿಲ್ಲ!”

ನಿಜ, ಕೆಟ್ಟಿರಲಿಲ್ಲ. ಕಾಲಿಡಲು ಜಾಗವೂ ಇರಲಿಲ್ಲ. ಗಂಡಿನ ತಂದೆ ಎತ್ತಿದ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡರು. “ಶುಭಕಾರ್ಯಕ್ಕ ಬಂದು ರಂಗೋಲಿ ತುಳದ್ರ ಹೆಂಗ್ರೀ?” ಒರೆಸೋಣವೆಂದರೆ ಹೊಸ್ತಿಲಲ್ಲಿ ನಿಂತ ಅವ್ವ, “ಪೊರಕಿ ಮುಟ್ಟೀರಿ ಜೋಕಿ!” ಎಂದು ಕೂಗಿದಳು. ಅವರು ತಿರುಗಿ ಬಸ್ ಹತ್ತುತ್ತಾರೆಂದೇ ನಾನು ಅಂದುಕೊಂಡೆ.

ಕಾಪಾಡಿದವರು ಖಾಜಾಬಿ. “ನಮ್ಮ ಮನ್ಯಾಗಿಂದ ಬರ್ರಿ. ಹಿತ್ತಲ ಗ್ವಾಡಿ ಗಿಡ್ಡದ, ದಾಟಿಬಿಡ್ರಿ.”

ಗಿಡ್ಡ ಗೋಡೆಯೇ, ಆದರೆ ಬೀಗರ ಮೈ ಭಾರಿ. ನಾನು ಕೆಳಗಿನಿಂದ ನೂಕಿದೆ, ಅವರು ಧೋತರ ಬಿಗಿಹಿಡಿದು ಮೇಲೆ ಕೂತರು. ಆಚೆ ನಮ್ಮ ಹಿತ್ತಲಲ್ಲಿ ಗಿರಿಜೆ ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದ್ದಳು. ದಿನಾ ಆ ಗೋಡೆ ಹತ್ತುವುದು ಖಾಜಾಬಿಯವರ ಆಡು. ಸಪ್ಪಳ ಕೇಳಿದ್ದೇ, “ಹಚ್! ಮತ್ತ ಬಂದೇನು, ಇಳೀ ಕೆಳಗ!” ಎನ್ನುತ್ತ ಒಂದು ಚರಿಗೆ ನೀರನ್ನು ಮಾವನಾಗಬೇಕಾದವರ ಮುಖಕ್ಕೆ ರಾಚಿದಳು.

ಎಲ್ಲ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟರಲ್ಲಿ ಯಾರೋ ಹೊಟ್ಟೆ ಹಿಡಿದು ನಗುವುದು ಕೇಳಿಸಿತು. ಗಂಡು! ತೊಯ್ದ ತಂದೆಯೂ ಗೋಡೆಯ ಮೇಲೇ ನಗತೊಡಗಿದರು. ಹುಡುಗಿ ನೋಡುವ ಶಾಸ್ತ್ರ ಅಲ್ಲಿಗೇ ಮುಗಿಯಿತು.

ಉಪ್ಪಿಟ್ಟು ತಿನ್ನುತ್ತ ಗಂಡಿನ ತಂದೆ ಎಂದರು: “ಹುಡುಗಿ ಪಸಂದ್ ಅದಾಳ. ವರದಕ್ಷಿಣಿ ಬ್ಯಾಡ. ಕರಾರು ಒಂದೇ, ಮದುವಿಗೆ ರಂಗೋಲಿ ಮಾಸ್ತರು ಬರೀಬಾರ್ದು.”

ಎಲ್ಲರಿಗಿಂತ ಮೊದಲು ಅವ್ವ ಒಪ್ಪಿದಳು. ಮದುವೆಯ ದಿನ ಬಾಗಿಲಿಗೆ ಅವಳೇ ಒಂದು ತಾಟಿನಗಲದ ಕಮಲ ಹಾಕಿದಳು. ನನಗೆ ಕೊಟ್ಟ ಕೆಲಸ ಪಾನಕ ಹಂಚುವುದು. ಲೋಟ ಹಿಡಿದು ಹೋಗುತ್ತ ಬರುತ್ತ ಆ ಕಮಲವನ್ನು ನೋಡಿದೆ. ಚೆನ್ನಾಗಿಯೇ ಇತ್ತು. ಇನ್ನೊಂದಿಷ್ಟು ದೊಡ್ಡದಿರಬೇಕಿತ್ತು ಅನ್ನಿಸಿತು.