ಎಂಟು ಭಾನುವಾರದ ಗೇರ್ ಆಯಿಲ್

ಹೆಂಡತಿ ಗೊಣಗಿದರೆ ಕಷ್ಟ ಎನ್ನುತ್ತಾರೆ. ಗೊಣಗುವುದನ್ನು ನಿಲ್ಲಿಸಿದರೆ ಇನ್ನೂ ಕಷ್ಟ. ಇದು ನನ್ನ ಸ್ವಾನುಭವ. ನಮ್ಮ ಪಿಕಪ್ ಗಾಡಿ ತಾನೇ ಗೇರ್ ಬದಲಾಯಿಸಿಕೊಳ್ಳುವ ಜಾಣ ಗಾಡಿ; ಓಡಿಸುವುದೆಲ್ಲ ನನ್ನ ಹೆಂಡತಿಯೇ. ಎರಡು ತಿಂಗಳ ಹಿಂದೆ ಅದು ಹಾಗೆ ಬದಲಾಯಿಸುವಾಗಲೆಲ್ಲ ಜಗ್ಗತೊಡಗಿತು. "ಮೆಕ್ಯಾನಿಕ್‌ಗೆ ಹೇಳಿ ಗೇರ್ ಎಣ್ಣೆ ಬದಲಾಯಿಸ್ರೀ" ಎಂದಳು ಇವಳು. "ಮೆಕ್ಯಾನಿಕ್ ಯಾಕೆ? ಈ ಭಾನುವಾರ ನಾನೇ ಮಾಡ್ತೀನಿ" ಎಂದು ಮೀಸೆ ತಿರುವಿದೆ. ಆಮೇಲೆ ಎಂಟು ಭಾನುವಾರ ಬಂದು ಹೋದವು. (ಭಾನುವಾರಗಳ ತಪ್ಪೇನೂ ಇಲ್ಲ, ಅವು ಸರಿಯಾಗಿಯೇ ಬಂದವು.) ಮೊದಲ ನಾಲ್ಕು ವಾರ ನೆನಪಿಸಿದಳು. ಆಮೇಲೆ ಇದ್ದಕ್ಕಿದ್ದಂತೆ ಸುಮ್ಮನಾದಳು.

ಆ ಮೌನ ನನ್ನನ್ನು ಕೊರೆಯತೊಡಗಿತು. ಅದರ ಮೇಲೆ ಇವಳ ಪುಟ್ಟ ನರ್ಸರಿಗೆ ಮೊದಲ ದೊಡ್ಡ ಆರ್ಡರ್ ಬಂದಿತ್ತು. ಹೊಸ ಹೋಟೆಲ್ಲಿನ ತೋಟಕ್ಕೆ ನೂರು ಕುಂಡ, ಒಂಬತ್ತನೆಯ ಭಾನುವಾರ ಸಂಜೆ ನಾಲ್ಕಕ್ಕೆ ಅಲ್ಲಿರಬೇಕು. ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮ್ಯಾನೇಜರ್ ಮೊದಲೇ ಹೇಳಿಬಿಟ್ಟಿದ್ದ. ಇವಳು ಬೆಳಿಗ್ಗೆಯೇ ಕುಂಡಗಳನ್ನು ಸಜ್ಜುಮಾಡಲು ನರ್ಸರಿಗೆ ನಡೆದುಹೋದಳು. ವಾಪಸು ಬರುವಷ್ಟರಲ್ಲಿ ಗಾಡಿಯನ್ನು ನುಣ್ಣಗೆ ಓಡುವಂತೆ ಮಾಡಿ, ಇವಳ ಕಣ್ಣಲ್ಲಿ ನನ್ನ ಮರ್ಯಾದೆಯನ್ನು ಒಂದಿಂಚಾದರೂ ಏರಿಸಿಕೊಳ್ಳಬೇಕೆಂದು ಘೋರ ಪ್ರತಿಜ್ಞೆ ಮಾಡಿದೆ.

ಗೇರ್‌ಬಾಕ್ಸಿನ ತಳದಲ್ಲಿ ತಟ್ಟೆಯಂಥ ಒಂದು ಪ್ಯಾನ್ ಇರುತ್ತದೆ. ಅದರ ಬೋಲ್ಟುಗಳನ್ನು ಒಂದು ಬದಿಯಿಂದ ಸಡಿಲಿಸಿ ಎಣ್ಣೆಯನ್ನು ಮೆಲ್ಲಗೆ ಬಸಿಯಬೇಕಂತೆ. ನಾನು ಗಾಡಿಯಡಿ ಮಲಗಿ ಎಲ್ಲವನ್ನೂ ಒಟ್ಟಿಗೇ ಬಿಚ್ಚಿದೆ. ಪ್ಯಾನ್ ಸಮೇತ ಎಣ್ಣೆ ನನ್ನ ಎದೆಯ ಮೇಲಿಳಿಯಿತು. ಪಕ್ಕದಲ್ಲಿದ್ದ ಬಕೆಟ್ಟಿಗೆ ಒಂದು ತೊಟ್ಟೂ ಸಿಗಲಿಲ್ಲ.

ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದ ನಮ್ಮ ಅತ್ತೆ ಬಗ್ಗಿ ನೋಡಿದರು. "ಏನು ಅಳಿಯಂದಿರೇ, ಸ್ನಾನಾನಾ?"

"ಇಲ್ಲ ಅತ್ತೆ, ಹಳೇ ಎಣ್ಣೆ ತೆಗೀತಿದ್ದೀನಿ."

"ಹಳೇ ಎಣ್ಣೆ ಇಷ್ಟು ಕೆಂಪಗೆ ಚೆನ್ನಾಗಿರುತ್ತಾ?"

"ಹಳೇದಾದ್ರೆ ಕಪ್ಪಾಗುತ್ತೆ. ಇದು ಇನ್ನೂ ಹೀಗಿದೆ ಅಂದ್ರೆ, ಗಾಡೀನ ನಾನು ಹೇಗೆ ನೋಡ್ಕೊಂಡಿದ್ದೀನಿ ಯೋಚನೆ ಮಾಡಿ!"

ಅತ್ತೆ ಯೋಚನೆ ಮಾಡಿದರು. ಮಾಡಿ, ಮತ್ತೆ ಪೇಪರ್ ಓದತೊಡಗಿದರು.

ಫಿಲ್ಟರ್ ಕಿತ್ತರೆ ಅದೂ ಹೊಚ್ಚ ಹೊಸದರಂತಿತ್ತು. ನನ್ನ ಬಗ್ಗೆ ನನಗೇ ಗೌರವ ಉಕ್ಕಿ ಬಂತು. ಅದನ್ನು ಬಿಸಾಡಿ, ತಂದಿದ್ದ ಫಿಲ್ಟರ್ ಕೂರಿಸಿ, ಪ್ಯಾನ್ ಬಿಗಿದು ಮೂರು ಲೀಟರ್ ಎಣ್ಣೆ ಹೊಯ್ದೆ. (ಎಷ್ಟು ಬೇಕೆಂದು ಅಂಗಡಿಯವನು ಕೇಳಿದಾಗ, ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಮೂರು ಎಂದಿದ್ದೆ.) ಸ್ಟಾರ್ಟ್ ಮಾಡಿದೆ, ಎಂಜಿನ್ ಗುಡುಗಿತು. ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದೆ. ಗಾಡಿ ಅಲ್ಲಾಡಲಿಲ್ಲ. ರಿವರ್ಸ್ ಹಾಕಿದರೂ ಅಷ್ಟೇ.

ಎರಡು ಗಂಟೆಗೆ ಇವಳು ಬಂದಳು. "ರೀ! ಏನ್ರೀ ಇದು?"

"ನಿನಗೋಸ್ಕರಾನೇ ಕಣೇ..."

"ನನಗೋಸ್ಕರ ಏನೂ ಮಾಡ್ಬೇಡಿ ಅಂತ ಎಷ್ಟು ಸಲ ಹೇಳ್ಲಿ? ಈಗ ಗಿಡ ಹೇಗೆ ಸಾಗಿಸ್ಲಿ?"

ಇವಳು ಆರು ತಿಂಗಳಿಂದ ಮಕ್ಕಳಂತೆ ಸಾಕಿದ ಗಿಡಗಳು. ನನಗೆ ನಿಜವಾಗಿಯೂ ಅಳು ಬಂತು.

ಇವಳು ಫೋನ್ ಮಾಡಿದ ಕಾಲು ಗಂಟೆಯಲ್ಲಿ ಮೆಕ್ಯಾನಿಕ್ ಎಣ್ಣೆ ಡಬ್ಬಗಳ ಸಮೇತ ಬಂದ. ನೆಲದ ಮೇಲಿನ ಕೆಂಪು ಹೊಳೆಯನ್ನೂ, ಒಂದೊಂದು ಲೀಟರಿನ ಮೂರು ಖಾಲಿ ಡಬ್ಬಗಳನ್ನೂ, ನನ್ನನ್ನೂ ನೋಡಿ ಹಣೆ ಚಚ್ಚಿಕೊಂಡ. "ಹೋದ ತಿಂಗಳು ತಾನೇ ಎಣ್ಣೆ, ಫಿಲ್ಟರ್ ಎರಡೂ ಹೊಸದು ಹಾಕಿದ್ನಲ್ಲ ಅಮ್ಮಾವ್ರೇ! ಆರು ಲೀಟರ್ ಬೇಕಾದ ಕಡೆ ಮೂರು ಹಾಕಿದ್ರೆ ಗಾಡಿ ಹೇಗೆ ಹೋಗುತ್ತೆ? ಯಾರು ಬಿಚ್ಚೋಕೆ ಹೇಳಿದ್ದು?"

ನಾನು ಇವಳನ್ನು ನೋಡಿದೆ. ಇವಳು ನೆಲ ನೋಡಿದಳು.

"ನಾನೇ ಹೇಳಿದ್ದೆ" ಎಂದಳು ಅವನಿಗೆ. ಆಮೇಲೆ ನನ್ನ ಕಿವಿಯ ಬಳಿ ಪಿಸುಗುಟ್ಟಿದಳು: "ನಿಮಗೆ ಬೇಜಾರಾಗುತ್ತೆ ಅಂತ ಮಾಡಿಸಿದ್ದು ಹೇಳ್ಲಿಲ್ಲ ಕಣ್ರೀ."

ಮೆಕ್ಯಾನಿಕ್ ಉಳಿದ ಮೂರು ಲೀಟರ್ ತುಂಬಿದ, ಗಾಡಿ ಅಲ್ಲಾಡಿತು. ಸೀಟು ಹಾಳಾಗುತ್ತದೆಂದು ಇವಳು ನನ್ನನ್ನು ಗಾಡಿಯ ಹಿಂದೆ ಹತ್ತಿಸಿದಳು; ನರ್ಸರಿಯಲ್ಲಿ ನನ್ನ ಸುತ್ತ ಕುಂಡಗಳನ್ನು ತುಂಬಿಸಿದಳು. ನಾಲ್ಕಕ್ಕೆ ಐದು ನಿಮಿಷವಿರುವಾಗ ಹೋಟೆಲ್ ತಲುಪಿದೆವು. ಮ್ಯಾನೇಜರ್ ಕುಂಡಗಳನ್ನು ನೋಡುತ್ತ ಬಂದು, ಎಲೆಗಳ ನಡುವೆ ಕೆಂಪಗೆ ಹೊಳೆಯುತ್ತ ಕೂತಿದ್ದ ನನ್ನ ಮುಂದೆ ನಿಂತ.

"ಇದೂ ನಮ್ಮ ಆರ್ಡರ್‌ದಾ?"

"ಅಲ್ಲ ಸಾರ್, ಅದು ಮನೇದು. ಕೊಡೋ ಹಾಗಿಲ್ಲ" ಎಂದಳು ಇವಳು. "ಕುಂಡ ಇಳಿಸೋಕೆ ಬೇಕಾದ್ರೆ ಬಳಸ್ಕೊಳ್ಳಿ."

ನೂರನ್ನೂ ನಾನೇ ಇಳಿಸಿದೆ.