ಸಾಫ್ಟ್‌ವೇರಿಗೆ ಅತ್ತೆಯ ಹೆಸರು

ಮರ್ಯಾದೆ ಕಳೆದುಕೊಳ್ಳಲು ನಾನು ಯಾವತ್ತೂ ಕಷ್ಟಪಟ್ಟವನಲ್ಲ. ಅದು ತಾನಾಗಿಯೇ ನಡೆಯುತ್ತಿರುತ್ತದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಮುಳಬಾಗಿಲಿನಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾಮಕರಣ

ಸಾಫ್ಟ್‌ವೇರ್ ಬರೆದು ಪುಕ್ಕಟೆ ಹಂಚುವವರಿಗೆ ಒಂದು ಚಟ. ನೆಟ್ಟಗಿನ ಹೆಸರಿಡುವುದಿಲ್ಲ. ಒಬ್ಬ ಪ್ರಾಣಿಯ ಹೆಸರಿಟ್ಟರೆ ಇನ್ನೊಬ್ಬ ಮಗಳ ಹೆಸರಿಡುತ್ತಾನೆ. ಲಗ್ನಪತ್ರಿಕೆ ಅಚ್ಚುಹಾಕಲು ನಾನೂ ಅಂಥದ್ದೊಂದು ಬರೆದಿದ್ದೆ. ಕಂಪ್ಯೂಟರ್ ಅಂಗಡಿ ತೆರೆಯಲು ಅತ್ತೆಮನೆಯ ರಸ್ತೆ ಕಡೆಯ ರೂಮಿನ ಮೇಲೆ ಕಣ್ಣಿತ್ತು. ಅತ್ತೆಯದು ಒಂದೇ ಪ್ರಶ್ನೆ: "ಪುಕ್ಕಟೆ ಕೊಡೋಕೆ ಅಷ್ಟೊಂದು ಓದ್ಬೇಕಿತ್ತಾ?"

"ಅಮ್ಮನ ಹೆಸರಿಡಿ, ಕರಗ್ತಾರೆ," ಎಂದಳು ಹೆಂಡತಿ.

ಇಟ್ಟೆ: ನಾಗರತ್ನಮ್ಮ. ಅತ್ತೆ ಮಾನಿಟರಿಗೆ ಕುಂಕುಮವಿಟ್ಟು, ತಮ್ಮ ಹೆಸರಿಗೆ ತಾವೇ ಕೈಮುಗಿದು, "ರೂಮಿನ ವಿಷ್ಯ ನೋಡೋಣ," ಎಂದರು.

ಫೋನು

ಮೊದಲ ಗಿರಾಕಿ ಮಾಲೂರಿನ ಪ್ರೆಸ್ ಮಾಲೀಕರು. ಒಂದು ದಿನ ಫೋನ್ ಮಾಡಿ, ಏನು ಒತ್ತಿದರೂ ಅಲ್ಲಾಡುತ್ತಿಲ್ಲ ಎಂದರು. ಅತ್ತೆ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದರು. ಅವರೆದುರು ಅವರ ಹೆಸರು ಹಿಡಿದು ಮಾತಾಡಲು ಬಾಯಿ ಬರಲಿಲ್ಲ.

"ಅತ್ತೆಯವರನ್ನ ಒಂದ್ಸಲ ಮುಚ್ಚಿ, ಆಮೇಲೆ ನಿಧಾನವಾಗಿ ತೆಗೀರಿ," ಎಂದೆ.

"ನಮ್ಮತ್ತೆ ಟೇಕಲ್‌ನಲ್ಲಿ ಆರಾಮಾಗಿದ್ದಾರೆ ಸಾರ್. ಅವರಿಗ್ಯಾಕೆ ತೊಂದ್ರೆ?"

ಎರಡನೆಯದು

ರಿಪೇರಿ ಮಾಡಿದ ಮೇಲೆ ಹೆಸರಿನ ಮುಂದೆ ಎರಡು ಎಂದು ಸೇರಿಸುವುದು ನಮ್ಮ ಸಾಫ್ಟ್‌ವೇರಿನವರ ಪದ್ಧತಿ. ಸಿಡಿಯ ಮೇಲೆ 'ನಾಗರತ್ನಮ್ಮ ಎರಡು' ಎಂದು ಬರೆದಿಟ್ಟೆ. ಮಾವ ಅದನ್ನು ಓದಿ, ಅಡಿಗೆಮನೆ ಕಡೆ ನೋಡಿ ಪಿಸುಗುಟ್ಟಿದರು.

"ಒಬ್ಬಳಿಂದ್ಲೇ ನಂಗೆ ಸಾಕಾಗಿದೆ. ಇನ್ನೊಬ್ಬಳನ್ನ ಯಾಕೆ ತಂದ್ಯಪ್ಪಾ?"

ರೂಮು

ಯುಗಾದಿ ಕಳೆದ ಮೇಲೆ ಅತ್ತೆ ನೆಂಟರನ್ನೆಲ್ಲ ಕರೆದು, ಎಲ್ಲರೆದುರು ರೂಮಿನ ಬೀಗದ ಕೈ ಕೊಡಲು ಎದ್ದು ನಿಂತರು. ಅಷ್ಟರಲ್ಲಿ ಪ್ರೆಸ್ ಮಾಲೀಕರು ಲಗ್ನಪತ್ರಿಕೆಗಳ ಕಟ್ಟು ಹಿಡಿದು ಒಳಗೆ ನುಗ್ಗಿದರು. ಅಚ್ಚಾದ ಪತ್ರಿಕೆಗಳಲ್ಲಿ ಒಂದೂ ಒತ್ತಕ್ಷರವಿರಲಿಲ್ಲ.

"ಏಮಿ ಸಾರ್ ಇದಿ! ಈ ನಾಗರತ್ನಮ್ಮನಂಥ ದಂಡ ಇನ್ನೊಂದಿಲ್ಲ. ಮೂರು ಹೊತ್ತೂ ನಿದ್ದೆ, ಎದ್ರೆ ಅಕ್ಷರ ನುಂಗ್ತಾಳೆ. ಮೊದ್ಲು ಇವಳನ್ನ ಕಿತ್ತು ಬಿಸಾಕಿ!"

ನೆಂಟರೆಲ್ಲ ಅತ್ತೆಯ ಮುಖ ನೋಡಿದರು. ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ. ರೂಮು ಹೋಯಿತು ಎಂದುಕೊಂಡೆ. ಬರೆದವನು ನಾನು, ಬೈಗುಳ ಅವರಿಗೆ.

"ಅತ್ತೆ, ತಪ್ಪು ನಂದು," ಎಂದು ತೊದಲಿದೆ.

ಅತ್ತೆ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು.

"ರೂಮು ತಗೊಳ್ಳಿ ಅಳಿಯಂದಿರೇ. ಆದ್ರೆ ಆ ಸಾಫ್ಟ್‌ವೇರಿಗೆ ನಿಮ್ಮ ಹೆಸರೇ ಇಟ್ಬಿಡಿ. ಕೆಲ್ಸ ಮಾಡ್ಲಿಲ್ಲ ಅಂದ್ರೂ ಮನೇಲಿ ಯಾರಿಗೂ ಹೊಸದು ಅನ್ಸಲ್ಲ."