ಯುದ್ಧವಿಮಾನದ ಆಟದಲ್ಲಿ ವೈರಿಯು ಯಾರ ಮೇಲೆ, ಎಷ್ಟರಮಟ್ಟಿಗೆ ಗುಂಡು ಹಾರಿಸಬಹುದೆಂಬ ಬಗ್ಗೆ

ಇಲಾಖೆಯ ಜಿಲ್ಲಾ ಕಚೇರಿ, ರಾಯಚೂರು
(ಇಲಾಖೆಯ ಹೆಸರನ್ನು ಹೊಸ ಮೊಹರು ಬಂದ ಬಳಿಕ ತುಂಬಿಕೊಳ್ಳುವುದು)

ಸುತ್ತೋಲೆ ಸಂಖ್ಯೆ: ವಿಮಾನ/ನೆಲದ ಮೇಲಿನವು/ವೈರಿ/7/1982-83

ವಿಷಯ: ಸಂತೆಗಳಲ್ಲಿ ಆಡಿಸುವ ಯುದ್ಧವಿಮಾನದ ಆಟವು ನಿಜವಾದ ವಿಮಾನವನ್ನು ಎಷ್ಟು ಹೋಲಬೇಕು, ಎಷ್ಟು ಹೋಲಬಾರದು ಎಂಬುದನ್ನು ನಿಗದಿಪಡಿಸುವ ಕುರಿತು.

ಉಲ್ಲೇಖ: (1) ಮಾನ್ವಿಯ ಅಕ್ಕಿ ಗಿರಣಿ ಮಾಲೀಕರಾದ ಶ್ರೀ ಶರಣಯ್ಯ ಇವರ ದೂರು.
(2) ಸದರಿ ದೂರಿನ ಮೇಲೆ ಚಹಾ ಚೆಲ್ಲಿದ್ದರಿಂದ ಪಡೆಯಲಾದ ಎರಡನೆಯ ಪ್ರತಿ.
(3) ದೇವದುರ್ಗದ ಸಂತೆಯಲ್ಲಿ ಜರುಗಿದ ಹಾರಾಟ ಪರೀಕ್ಷೆಯ ವರದಿ.

ಪ್ರಸ್ತಾವನೆ:

ರಾಯಚೂರಿನ ನಿವಾಸಿ, ಹಿಂದೆ ಅಕ್ಕಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದ ಪೀರಾ ಸಾಬ್ ಹಾಗೂ ಅವರ ಮಗಳು ಶಹಜಾದಿ ಬೇಗಂ ಇವರು ಊರೂರಿನ ಸಂತೆಗಳಲ್ಲಿ ಯುದ್ಧವಿಮಾನದ ಆಟ ನಡೆಸಿ ಹೊಟ್ಟೆ ಹೊರೆಯುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಗಿರಣಿಯವರು ಬಿಸಾಡಿದ ಹಳೆಯ ಜರಡಿ ಯಂತ್ರದ ಮೇಲೆ ಒಂದು ಕುರ್ಚಿಯನ್ನು ಬಿಗಿಯಲಾಗಿದೆ. ತಂದೆಯು ಚಕ್ರ ತಿರುವಿದರೆ ಜರಡಿ ಅಲುಗಿ, ಕುಳಿತವರಿಗೆ ಆಕಾಶಕ್ಕೇರಿದ ಭಾವನೆ ಉಂಟಾಗುತ್ತದೆ. ಎದುರಿಗೆ ನೀಲಿ ಪರದೆ, ಪರದೆಯ ಹಿಂದೆ ಮಗಳು. ಆಕೆ ತಂತಿ ಎಳೆದಂತೆಲ್ಲ ತಗಡಿನ ವೈರಿ ವಿಮಾನವು ಪರದೆಯ ಮುಂದೆ ಓಡಾಡುತ್ತದೆ. ಕುಳಿತವರ ಕೈಯಲ್ಲೊಂದು ಬ್ಯಾಟರಿ ದೀಪ. ಪರದೆಯ ಕಿಂಡಿಯಲ್ಲಿ ಆಕೆಯದೊಂದು. ಕುಳಿತವರ ಬೆಳಕು ಮೊದಲು ತಗಡಿನ ಮೇಲೆ ಬಿದ್ದರೆ ವೈರಿ ಸತ್ತಂತೆ. ಆಕೆಯದು ಮೊದಲು ಕುಳಿತವರ ಎದೆಯ ಮೇಲೆ ಬಿದ್ದರೆ ಚಕ್ರ ನಿಂತು, ಅವರ ವಿಮಾನ ಬಿದ್ದಂತೆ.

ಸದರಿ ಶಹಜಾದಿ ಬೇಗಂ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ಜನರೆದುರು ಬರಲು ಸಂಕೋಚ, ಮಾತು ಕಡಿಮೆ. ಆದರೆ ಕಿಂಡಿಯಿಂದ ಎಲ್ಲವನ್ನೂ ನೋಡುವ ಅಭ್ಯಾಸ ಅವರಿಗಿರುವುದು ವಿಚಾರಣೆಯಲ್ಲಿ ಕಂಡುಬಂದಿದೆ. ಯಾರು ಹೆದರಿ ಕಣ್ಣು ಮುಚ್ಚುತ್ತಾರೆ, ಯಾರು ಗುರಿ ಬಿಟ್ಟು ಮೀಸೆ ಸರಿಮಾಡಿಕೊಳ್ಳುತ್ತಾರೆ ಎಂಬುದನ್ನು ನೋಡಿಟ್ಟುಕೊಂಡು, ಅದೇ ಗಳಿಗೆಗೆ ಅವರನ್ನು ಕೆಡವುತ್ತಾರೆ.

ಮಾನ್ವಿಯ ಸಂತೆಯಲ್ಲಿ ದೂರುದಾರರಾದ ಶರಣಯ್ಯನವರು ವಿಮಾನವೇರಿ, ಜನ ತಮ್ಮನ್ನು ನೋಡುತ್ತಿದ್ದಾರೋ ಇಲ್ಲವೋ ಎಂದು ಹಿಂದಕ್ಕೆ ಕತ್ತು ಹೊರಳಿಸಿದ ಸಮಯದಲ್ಲಿ ಅವರನ್ನು ಹೊಡೆದುರುಳಿಸಲಾಗಿದೆ. ಗುಂಪಿನಲ್ಲಿದ್ದ ಉರುಕುಂದಪ್ಪ ಎಂಬ ಹಮಾಲನು "ಸಾವ್ಕಾರ್ರು ಬಿದ್ರಲೇ! ಗಿರಣಿ ಒಂದು ಉಳದದ ನೋಡ್ರಿ!" ಎಂದು ಕೂಗಿದ್ದಾಗಿ ದೂರಿನಲ್ಲಿದೆ. ಆಗ ದೂರುದಾರರು ಪರದೆಯತ್ತ ತಿರುಗಿ "ಏ ಹುಡುಗಿ, ನಾ ಯಾರಂತ ಗೊತ್ತದ ಏನ್ ನಿನಗ?" ಎಂದು ಕೇಳಿದ್ದು, ಪರದೆಯ ಹಿಂದಿನಿಂದ ಈ ಕೆಳಗಿನ ಉತ್ತರ ಬಂದಿರುತ್ತದೆ:

"ನನಗ ಗೊತ್ತದರಿ ಸಾವ್ಕಾರ್ರ. ವೈರಿಗೆ ಗೊತ್ತಿಲ್ಲರಿ."

ಸದರಿ ಉತ್ತರದಲ್ಲಿ ಅಗೌರವದ ಪದ ಯಾವುದೆಂದು ಹುಡುಕಲಾಗಿ, ಸಿಕ್ಕಿರುವುದಿಲ್ಲ. ಆದರೂ ಆಟವನ್ನು ಮುಚ್ಚಿಸಿ ಜರಡಿಯನ್ನು ಜಪ್ತಿ ಮಾಡಬೇಕೆಂದು ದೂರುದಾರರು ಕೋರಿದ್ದರಿಂದ, ತಂದೆ-ಮಗಳಿಗೆ ಬೇರೆ ಕಸುಬು ಇಲ್ಲದಿರುವುದನ್ನು ಪರಿಗಣಿಸಿ, ಕೆಳಕಂಡ ನಿಯಮಗಳಿಗೆ ಒಳಪಟ್ಟು ಮಾತ್ರ ಆಟ ಮುಂದುವರಿಸಬಹುದೆಂದು ಈ ಮೂಲಕ ತಿಳಿಯಪಡಿಸಲಾಗಿದೆ.

1. ಅಲುಗಾಟ: ವಿಮಾನವು ಎಷ್ಟು ಅಲುಗಬೇಕೆಂಬುದಕ್ಕೆ ಇಲಾಖೆಯಲ್ಲಿ ಪೂರ್ವ ನಿದರ್ಶನವಿಲ್ಲ. ವಿಮಾನವನ್ನೇರಿ ಇಳಿದ ಮಸರಕಲ್ಲಿನ ಕರೆಮ್ಮ ಎಂಬುವರು "ಇದೇನ್ ಜಾಡಸ್ತದ ಬಿಡ್ರಿ, ನಮ್ಮ ಬಂಡಿಯಾಗ ಕುಂತು ನೋಡ್ರಿ, ಹಲ್ಲು ಕೈಗೆ ಬರ್ತಾವ" ಎಂದು ಹೇಳಿಕೆ ನೀಡಿದ್ದಾರೆ. ಆದ್ದರಿಂದ ಸದರಿ ಬಂಡಿಯನ್ನೇ ಅಳತೆಯಾಗಿ ಅಂಗೀಕರಿಸಲಾಗಿದೆ. ಆಟ ನಡೆಯುವಲ್ಲೆಲ್ಲ ಬಂಡಿಯನ್ನು ಎತ್ತುಗಳ ಸಮೇತ ಪಕ್ಕದಲ್ಲಿ ನಿಲ್ಲಿಸಿರತಕ್ಕದ್ದು. ಸಂಶಯ ಬಂದವರು ಮೊದಲು ಅದರಲ್ಲಿ, ನಂತರ ಇದರಲ್ಲಿ ಕುಳಿತು ತಾಳೆ ನೋಡತಕ್ಕದ್ದು.

2. ವೈರಿ ಬರುವ ದಿಕ್ಕು: ಪೂರ್ವಕ್ಕೆ ಆಂಧ್ರವಿದ್ದು, ಅಲ್ಲಿಗೆ ಹೆಣ್ಣು ಕೊಟ್ಟವರು ಕಚೇರಿಯಲ್ಲಿಯೇ ಇದ್ದಾರೆ. ಉತ್ತರಕ್ಕೆ ವಿಭಾಗೀಯ ಕಚೇರಿ ಇರುವುದರಿಂದ, ಆ ಕಡೆಯಿಂದ ವೈರಿ ಬರುವನೆಂದು ತೋರಿಸುವುದು ಶಿಸ್ತಿಗೆ ಭಂಗ. ಉಳಿದ ದಿಕ್ಕುಗಳಲ್ಲಿ ನಮ್ಮವೇ ತಾಲ್ಲೂಕುಗಳಿವೆ. ಆದಕಾರಣ ವೈರಿಯು ಯಾವ ದಿಕ್ಕಿನಿಂದಲೂ ಬಾರದೆ ಮೊದಲಿನಿಂದಲೇ ಅಲ್ಲಿ ಇರತಕ್ಕದ್ದು.

3. ಇಂಧನ: ನಿಜವಾದ ವಿಮಾನಕ್ಕೆ ಇಂಧನ ತೀರುವುದುಂಟು. ಇಲ್ಲಿ ಪೀರಾ ಸಾಬರ ತೋಳು ಸೋತಾಗ ಇಂಧನ ತೀರಿತೆಂದು ಭಾವಿಸತಕ್ಕದ್ದು. ಅವರು ಚಹಾ ಕುಡಿದು ಮುಗಿಸುವವರೆಗೆ ಕುಳಿತವರು ಆಕಾಶದಲ್ಲಿಯೇ ಕಾಯತಕ್ಕದ್ದು.

4. ಬಾಂಬು: ಸದ್ಯ ಆಟದಲ್ಲಿ ಬಾಂಬು ಇರುವುದಿಲ್ಲ. ಮುಂದೆ ಸೇರಿಸಿದಲ್ಲಿ, ಹಾಕುವ ಮುನ್ನಾದಿನ ಊರಲ್ಲಿ ಡಂಗುರ ಸಾರತಕ್ಕದ್ದು. ಆಕ್ಷೇಪಣೆಗಳಿದ್ದಲ್ಲಿ ಬಾಂಬು ನೆಲ ಮುಟ್ಟುವುದರೊಳಗಾಗಿ ಲಿಖಿತವಾಗಿ ಸಲ್ಲಿಸತಕ್ಕದ್ದು.

5. ವೈರಿಯ ಗುಂಡು: ದೂರಿನ ಮೂಲವೇ ಇದಾಗಿರುವುದರಿಂದ ದರ್ಜೆವಾರು ಪರಿಶೀಲಿಸಲಾಗಿದೆ.

(ಅ) ಗೆಜೆಟೆಡ್ ಅಧಿಕಾರಿಗಳು ಕುಳಿತಾಗ ವೈರಿಯು ಬೇರೆ ಕಡೆಗೆ ಗುಂಡು ಹಾರಿಸಿ ಕ್ಷಮೆ ಕೋರತಕ್ಕದ್ದು.
(ಆ) ಗುಮಾಸ್ತರು ಕುಳಿತಾಗ ಒಂದು ರೆಕ್ಕೆಗೆ ಮಾತ್ರ ಹೊಡೆಯಬಹುದು. ಊಟದ ವೇಳೆಯಲ್ಲಿ ಅದೂ ಕೂಡದು.
(ಇ) ಗಿರಣಿ ಮಾಲೀಕರು ಮತ್ತು ದೊಡ್ಡ ವ್ಯಾಪಾರಿಗಳನ್ನು ಕಂಡ ಕೂಡಲೇ ವೈರಿಯು ತಾನಾಗಿಯೇ ಬೀಳತಕ್ಕದ್ದು.
(ಈ) ಹಮಾಲರು, ಕೂಲಿಗಳು, ಸಂತೆಯ ಇತರೆ ಜನ ಕುಳಿತಾಗ ಆಟವು ಸಂಪೂರ್ಣ ನಿಜದಂತಿರತಕ್ಕದ್ದು.

6. ಈ ನಿಯಮಗಳನ್ನು ದೇವದುರ್ಗದ ಸಂತೆಯಲ್ಲಿ ತಂದೆ-ಮಗಳಿಗೆ ಓದಿ ಹೇಳಲಾಯಿತು. ಐದನೆಯದನ್ನು ಪಾಲಿಸದಿದ್ದಲ್ಲಿ ಜರಡಿಯು ಅಂದೇ ಕಚೇರಿಗೆ ಹೋಗುವುದೆಂದೂ ತಿಳಿಸಲಾಯಿತು. ಆಗ ಅವರಿಬ್ಬರ ನಡುವೆ ದಖನಿ ಉರ್ದುವಿನಲ್ಲಿ ನಡೆದ ಮಾತನ್ನು ಕನ್ನಡಕ್ಕೆ ತಂದು ಕಡತಕ್ಕೆ ಸೇರಿಸಲಾಗಿದೆ. ತಂದೆ: "ದೊಡ್ಡೋರಿಗೆ ಒಂದೀಟು ಬಿಟ್ಟುಬಿಡವ್ವಾ. ನಮ್ಮದೇನು ಹೋಗ್ತದ?" ಮಗಳು: "ಸಾವ್ಕಾರ್ರೂ ತಮ್ಮಂಗ ಬೀಳ್ತಾರಂತ ಮಂದಿ ಸಾಲು ಹಚ್ಚತಾರ ಅಬ್ಬಾ. ಅವರನ್ನ ಬಿಟ್ರ, ಆ ಸಾಲಿನಾಗ ಯಾರ್ ನಿಂದರತಾರ?" ತಂದೆಯು ಚಕ್ರಕ್ಕೆ ಎಣ್ಣೆ ಬಿಟ್ಟಿದ್ದಾಗಿ ವರದಿಯಾಗಿದೆ.

7. ತದನಂತರ ಕೆಳಗೆ ಸಹಿ ಮಾಡಿರುವ ಅಧಿಕಾರಿಯು, ನಿಯಮ 5(ಅ) ಜಾರಿಯಾಗಿರುವುದನ್ನು ಖುದ್ದು ಪರೀಕ್ಷಿಸುವ ಸಲುವಾಗಿ ವಿಮಾನವನ್ನೇರಿದರು. ಚಕ್ರ ತಿರುಗಿತು, ಜರಡಿ ಅಲುಗಿತು. ಪರದೆ ನೀಲಿಯಾಗಿಯೇ ಇತ್ತು. ತಗಡಿನ ವಿಮಾನ ಕಾಣಿಸಲೇ ಇಲ್ಲ. ಅಧಿಕಾರಿಯ ಬೆಳಕು ಪರದೆಯ ತುಂಬ ಅಲೆದಾಡಿತು. ನೆರೆದಿದ್ದವರಲ್ಲಿ ಒಬ್ಬರು "ಸಾಹೇಬ್ರು ಮುಗುಲು ಎಣಸಾಕತ್ತಾರ, ಗದ್ದಲ ಮಾಡಬ್ಯಾಡ್ರಲೇ" ಎಂದರು. ಸಾಕಷ್ಟು ಹೊತ್ತು ಹಾರಿದ ಬಳಿಕ, "ವೈರಿ ಎಲ್ಲಿ ಹೋದ್ನವ್ವಾ?" ಎಂದು ಅಧಿಕಾರಿಯಿಂದ ವಿಚಾರಿಸಲಾಯಿತು. ಪರದೆಯ ಹಿಂದಿನಿಂದ ಮೆಲುದನಿಯಲ್ಲಿ ಬಂದ ಉತ್ತರ:

"ನಿಮ್ಮ ದರ್ಜೆಗೆ ತಕ್ಕ ವೈರಿ ಇನ್ನಾ ಸಿಕ್ಕಿಲ್ಲರಿ ಸಾಹೇಬ್ರ. ಇಲ್ಲಿ ಇರಾಕಿ ನಾನೊಬ್ಬಾಕಿನರಿ."

8. ಸದರಿ ಉತ್ತರವನ್ನು ನಿಯಮಾವಳಿಯೊಂದಿಗೆ ಕೂಲಂಕಷವಾಗಿ ಪರಿಶೀಲಿಸಲಾಗಿ, ಸರಿಯಾಗಿಯೇ ಇರುವುದು ಕಂಡುಬಂದಿದೆ. ಕೆಳದರ್ಜೆಯ ವೈರಿಯಿಂದ ಸಾಯುವುದು ಅಧಿಕಾರಿಗೆ ಶೋಭಿಸದು. ಅಂಥವನನ್ನು ಕೊಂದರೂ ಗೌರವವಿಲ್ಲ. ವೈರಿಯೇ ಇಲ್ಲದಿದ್ದರೆ ಜನ ನಗುತ್ತಾರೆ. ಆದಕಾರಣ ಪ್ರತಿ ದರ್ಜೆಗೆ ಸಮಾನ ದರ್ಜೆಯ ವೈರಿಯ ಹುದ್ದೆಗಳನ್ನು ಸೃಜಿಸುವಂತೆ ಸರ್ಕಾರಕ್ಕೆ ಪ್ರಸ್ತಾವ ಸಲ್ಲಿಸಲಾಗಿದೆ.

9. ಸದರಿ ಹುದ್ದೆಗಳು ಮಂಜೂರಾಗಿ, ಭರ್ತಿಯಾಗಿ, ವೈರಿಗಳು ಕೆಲಸಕ್ಕೆ ಹಾಜರಾಗುವವರೆಗೆ ನಿಯಮ 5ನ್ನು ಅಮಾನತ್ತಿನಲ್ಲಿಡಲಾಗಿದೆ. ಜರಡಿಯನ್ನು ಜಪ್ತಿ ಮಾಡತಕ್ಕದ್ದಲ್ಲ. ಅಲ್ಲಿಯವರೆಗೆ ಶಹಜಾದಿ ಬೇಗಂ ಇವರು ಎಲ್ಲ ದರ್ಜೆಗಳ ವೈರಿಯಾಗಿ ಪೂರ್ಣ ಪ್ರಭಾರದಲ್ಲಿ ಮುಂದುವರಿಯತಕ್ಕದ್ದು. ಗುಂಡು ಹಾರಿಸುವ ಅಧಿಕಾರವೂ ಇದರಲ್ಲಿ ಸೇರಿರುತ್ತದೆ. ಇದಕ್ಕಾಗಿ ಹೆಚ್ಚುವರಿ ಭತ್ಯೆ ಇರುವುದಿಲ್ಲ.

10. ಪ್ರಭಾರ ವಹಿಸಿಕೊಂಡ ಕೂಡಲೇ ಸದರಿಯವರು ಕೆಳಗೆ ಸಹಿ ಮಾಡಿರುವ ಅಧಿಕಾರಿಯನ್ನು ಕೆಡವಿದ್ದು, ಬಿದ್ದದ್ದು ನಿಜದಂತೆಯೇ ಇತ್ತೆಂದು ಈ ಮೂಲಕ ದೃಢೀಕರಿಸಲಾಗಿದೆ.

ಸಹಿ/-
(ಜರಡಿಯ ಮೇಲೆ ಕುಳಿತೇ ಮಾಡಿದ್ದರಿಂದ ಅಸ್ಪಷ್ಟ)
ಪ್ರಭಾರ ಅಧಿಕಾರಿ, ನೆಲದ ಮೇಲಿನ ವಿಮಾನಗಳ ಶಾಖೆ
ರಾಯಚೂರು

ಪ್ರತಿಗಳು:
1. ಶ್ರೀ ಶರಣಯ್ಯ, ಅಕ್ಕಿ ಗಿರಣಿ, ಮಾನ್ವಿ: ಮಾಹಿತಿಗಾಗಿ. ಮೇಲ್ಮನವಿ ಸಲ್ಲಿಸುವುದಾದಲ್ಲಿ ಕುರ್ಚಿಯಲ್ಲಿ ಕುಳಿತೇ ಸಲ್ಲಿಸುವುದು.
2. ವಿಭಾಗೀಯ ಕಚೇರಿ: ಆ ದಿಕ್ಕಿನಿಂದ ವೈರಿ ಬರುತ್ತಿಲ್ಲವೆಂಬ ಭರವಸೆಯೊಂದಿಗೆ.
3. ಕರೆಮ್ಮ, ಮಸರಕಲ್: ಎತ್ತುಗಳಿಗೂ ತಿಳಿಯಪಡಿಸುವುದು.
4. ಪೀರಾ ಸಾಬ್, ಇಂಧನ ವಿಭಾಗ.
5. ವೈರಿ (ಪ್ರಭಾರ), ನೀಲಿ ಪರದೆಯ ಹಿಂದೆ: ಸೂಕ್ತ ಕ್ರಮಕ್ಕಾಗಿ.
6. ಕಚೇರಿ ಕಡತಕ್ಕೆ.